ಐದಕ್ಕೆ ಐದು

ಜುಲೈ 9, 2024, ಮಂಗಳವಾರ

ಪ್ರಿನ್ಸಿಪಾಲರು ಕರೆಸಿದ್ದರು. ಕೆಲಸದ ಒಪ್ಪಂದ ಮುಂದುವರಿಸುವ ಮಾತಿರಬಹುದು ಎಂದುಕೊಂಡು ಹೋದರೆ ಫುಟ್‌ಬಾಲ್ ತಂಡದ ಮಾತು. ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಅಮೆರಿಕದವರದು. ಹೆಲ್ಮೆಟ್ ತೊಟ್ಟು, ಭುಜಕ್ಕೆ ಮೆತ್ತೆ ಕಟ್ಟಿಕೊಂಡು, ಮೊಟ್ಟೆಯಾಕಾರದ ಚೆಂಡಿಗಾಗಿ ಒಬ್ಬರ ಮೇಲೊಬ್ಬರು ಬೀಳುವ ಆಟ. ಮಲೇಷ್ಯಾದ ಮೆಲಾಕಾ ಊರಿನ ಈ ಪುಟ್ಟ ಸೆಲಾತ್ ಕಾಲೇಜಿನಲ್ಲಿ ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಬಿಟ್ಟರೆ ಬೇರೇನೂ ಇಲ್ಲ. ಹನ್ನೊಂದು ವರ್ಷದಿಂದ ಇಲ್ಲಿ ಶರೀರಕ್ರಿಯಾ ಶಾಸ್ತ್ರ ಹೇಳಿಕೊಡುತ್ತಿದ್ದರೂ ಇಂಥದ್ದೊಂದು ತಂಡ ಇದೆ ಎಂಬುದು ನನಗೆ ಗಾಳಿಸುದ್ದಿಯಷ್ಟೇ ಆಗಿತ್ತು.

ಆರು ಕಾಲೇಜುಗಳ ಲೀಗ್ ಅಂತೆ. ಪ್ರತಿ ತಂಡಕ್ಕೂ ಒಬ್ಬ ಆರೋಗ್ಯಾಧಿಕಾರಿ ಇರಲೇಬೇಕು. ಹಿಂದಿನವರು ಕೆಲಸ ಬಿಟ್ಟು ಹೋದರು. "ಯೂ ನೋ ದಿ ಬಾಡಿ. ಗುಡ್ ಎನಫ್" ಎಂದರು ಪ್ರಿನ್ಸಿಪಾಲರು.

ಮನೆಯಲ್ಲಿ ಹೇಳಿದೆ. ನನ್ನ ಗಂಡ ನಿತ್ಯಾನಂದ ಮೂಳೆ ಡಾಕ್ಟರು, ಪೇಪರಿನಿಂದ ಮುಖ ಎತ್ತದೆ ನಕ್ಕರು. "ನಿನಗೆ ಎಂತ ಹುಚ್ಚು ಮಾರಾಯ್ತಿ? ಮೋಹಿನಿ, ಆ ಹುಡುಗರು ಡಿಕ್ಕಿ ಹೊಡೆದುಕೊಂಡು ಕಡೆಗೆ ನನ್ನ ಹತ್ರವೇ ಬರುದು. ನೀನು ಅಲ್ಲಿ ನಿಂತು ಟೋಕನ್ ಕೊಡು."

ಒಪ್ಪಿಕೊಂಡದ್ದು ಯಾಕೆಂದು ನನಗೇ ಗೊತ್ತಿಲ್ಲ. ಈಚೆಗೆ ದಿನಗಳು ತೊಳೆದಿಟ್ಟ ಪಾತ್ರೆಗಳ ಹಾಗೆ ಸಾಲಾಗಿ, ಖಾಲಿಯಾಗಿ ಕೂತಿರುತ್ತವೆ. ಮಧ್ಯಾಹ್ನದ ಬಿಡುವಿನಲ್ಲಿ ಓದುವ ನಾಲ್ಕು ಕವಿತೆ ಬಿಟ್ಟರೆ ಬೇರೆ ಯಾವ ಸದ್ದೂ ಒಳಗಿಲ್ಲ.

ಜುಲೈ 20, ಶನಿವಾರ

ಇಪ್ಪತ್ತೆರಡು ಹುಡುಗರ ತಲೆ ಪರೀಕ್ಷೆ. ಹಾಗೆಂದರೆ ನಗುತ್ತಾರೆ, ಆದರೆ ಅದೇ ಸರಿಯಾದ ಹೆಸರು. ಪೆಟ್ಟು ಬೀಳುವ ಮೊದಲು ಪ್ರತಿಯೊಬ್ಬನ ನೆನಪು ಎಷ್ಟಿದೆ ಎಂದು ಬರೆದಿಟ್ಟುಕೊಳ್ಳಬೇಕು. ಐದು ಪದ ಹೇಳುವುದು, ಐದು ನಿಮಿಷ ಬಿಟ್ಟು ಕೇಳುವುದು. ತಲೆಗೆ ಪೆಟ್ಟಾದ ಮೇಲೆ ಮತ್ತೆ ಕೇಳುವುದು. ಕಡಿಮೆ ಬಂದರೆ ಆಟ ಇಲ್ಲ.

ಲೀಗಿನವರ ಕಾರ್ಡಿನಲ್ಲಿ ಆರು ಪಟ್ಟಿಗಳಿವೆ, ಸಲ ಸಲಕ್ಕೂ ಬದಲಿಸಲು. ಎಲ್ಲ ಸತ್ತ ಪದಗಳು, ಸ್ಟೇಷನರಿ ಅಂಗಡಿಯ ಚೀಟಿಯಂತೆ. ನಾನು ನನ್ನದೇ ಐದು ಮಾಡಿಕೊಂಡೆ. ಲ್ಯಾಂಟರ್ನ್, ಸಾಲ್ಟ್, ಫೆರಿ, ಥ್ರೆಡ್, ಮಂಡೇ. ಒಟ್ಟಿಗೆ ಹೇಳಿದರೆ ಒಂದು ಊರು ಕಾಣುತ್ತದೆ. ಎಲ್ಲರಿಗೂ, ಇಡೀ ಸೀಸನ್ನಿಗೂ ಇದೇ ಇರಲಿ ಎಂದು ನಿರ್ಧರಿಸಿದೆ. ಅಳತೆಗೋಲು ಒಂದೇ ಆಗಿದ್ದರೆ ತಾನೇ ಅಳತೆಗೆ ಅರ್ಥ.

ಒಬ್ಬ ಹುಡುಗ ಹಿಂದೆ ಉಳಿದ. ಮಹಿತ್, ಫಿಸಿಯೋಥೆರಪಿ ಎರಡನೆಯ ವರ್ಷ. "ಮೈ ಮದರ್ ಸೆಡ್ ಯೂ ಆರ್ ಕನ್ನಡ, ಡಾಕ್." ಅಪ್ಪ ಅಮ್ಮ ಮೈಸೂರಿನವರು, ಕ್ವಾಲಾಲಂಪುರದ ಬಾಂಗ್ಸಾರಿನಲ್ಲಿದ್ದಾರೆ, ಅಪ್ಪನಿಗೆ ಐಟಿ ಕೆಲಸ. ಕನ್ನಡದಲ್ಲಿ ಕೇಳಿದ್ದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಐದರಲ್ಲಿ ಮೂರು ಪದ ನೆನಪಿಟ್ಟ. "ಬ್ಯಾಡ್ ಆಲ್ರೆಡಿ, ಬಿಫೋರ್ ಎನಿಬಡಿ ಹಿಟ್ ಮಿ" ಎಂದು ತನ್ನನ್ನೇ ಗೇಲಿ ಮಾಡಿಕೊಂಡ.

ಎಲ್ಲರೂ ನನ್ನನ್ನು ಡಾಕ್ ಎನ್ನುತ್ತಾರೆ. ನಾನು ಬರೀ ಎಂಎಸ್‌ಸಿ, ಪಿಎಚ್‌ಡಿ ಅರ್ಧಕ್ಕೆ ಬಿಟ್ಟವಳು ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಆಗಸ್ಟ್ 10, ಶನಿವಾರ

ಮೊದಲ ಪಂದ್ಯ. 41–0. ಸೊನ್ನೆ ನಮ್ಮದು.

ಬಿಸಿಲಿಗೆ ಮೈದಾನದ ಮೇಲೆ ಗಾಳಿಯೇ ನಡುಗುತ್ತಿತ್ತು. ನಾನು ಐಸ್ ಪೆಟ್ಟಿಗೆಯ ಪಕ್ಕದಲ್ಲಿ ಕೊಡೆ ಹಿಡಿದು ನಿಂತು, ಯಾರು ಯಾರ ಮೇಲೆ ಯಾಕೆ ಬೀಳುತ್ತಿದ್ದಾರೆಂದು ತಿಳಿಯದೆ ಮೂರು ಗಂಟೆ ಕಳೆದೆ. ಆಮೇಲೆ ಎಲ್ಲ ಮಾಮಕ್ ಅಂಗಡಿಗೆ, ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿಗೆ. ಕೋಚ್ ಫೈರೂಸ್ ವಾರದ ದಿನಗಳಲ್ಲಿ ಇನ್ಶೂರೆನ್ಸ್ ಮಾರುತ್ತಾರೆ, ಈ ಆಟವನ್ನು ಅಮೆರಿಕದಲ್ಲಿ ಓದುವಾಗ ಕಲಿತರಂತೆ. ಅವರು ರೊಟ್ಟಿ ಚನಾಯ್ ಮುರಿಯುತ್ತ ಏನೂ ಆಗದವರಂತೆ ಹೇಳಿದರು: "ಲಾಸ್ಟ್ ಇಯರ್ ಫಿಫ್ಟಿ ಟೂ ಝೀರೋ, ಡಾಕ್. ವಿ ಆರ್ ಇಂಪ್ರೂವಿಂಗ್ ಲಾ."

ಮಹಿತನನ್ನು ಕೇಳಿದೆ, "ನಿನ್ನ ಕೆಲಸ ಏನಪ್ಪಾ ಅಲ್ಲಿ?" ಅವನು ಸೆಂಟರ್. ಬಗ್ಗಿ ನಿಂತು, ಚೆಂಡನ್ನು ಕಾಲ ಸಂದಿನಿಂದ ಹಿಂದಕ್ಕೆ ಕೊಡುವುದು. ಕೊಟ್ಟ ಕ್ಷಣವೇ ಎದುರಿನವನ ತಲೆ ಬಂದು ತನ್ನ ತಲೆಗೆ ಬಡಿಯುತ್ತದೆ. ಚೆಂಡು ಹಿಂದೆ ಹೋಗಿರುವುದರಿಂದ ಇವನನ್ನು ಯಾರೂ ನೋಡುವುದಿಲ್ಲ.

"ಎವ್ರಿ ಟೈಮ್?" ಎಂದೆ.

"ಎವ್ರಿ ಟೈಮ್, ಡಾಕ್. ದಟ್ಸ್ ದಿ ಜಾಬ್."

ಆಗಸ್ಟ್ 24, ಶನಿವಾರ

38–6. ಇಬ್ಬರಿಗೆ ಪಾದ ಉಳುಕಿದೆ, ಒಬ್ಬನ ಹೆಬ್ಬೆರಳು ಮುರಿದಿದೆ. ಉಳಿದವರು ಹತ್ತೊಂಬತ್ತು. ಮೈದಾನಕ್ಕೆ ಹದಿನಾರು ಜನ ಇಳಿಯದಿದ್ದರೆ ಪಂದ್ಯ ಎದುರಾಳಿಗೆ. ಹಾಗೆ ಒಂದೇ ಒಂದು ಪಂದ್ಯ ಬಿಟ್ಟುಕೊಟ್ಟರೂ ತಂಡವನ್ನು ಮುಚ್ಚುತ್ತೇನೆ ಎಂದು ಪ್ರಿನ್ಸಿಪಾಲರು ಕೋಚ್‌ಗೆ ಪತ್ರ ಕೊಟ್ಟಿದ್ದಾರೆ.

ಮುಚ್ಚಿದರೆ ನನಗೇನು ಎಂದುಕೊಂಡೆ. ಶನಿವಾರ ಮನೆಯಲ್ಲಿರಬಹುದು.

ಸೆಪ್ಟೆಂಬರ್ 7, ಶನಿವಾರ

ಗೆದ್ದೆವು. 14–12. ಮೂರು ವರ್ಷದಲ್ಲಿ ಮೊದಲ ಗೆಲುವು.

ಅದಕ್ಕಿಂತ ಮುಖ್ಯವಾದದ್ದು ಬರೆಯಬೇಕು. ಆಟಕ್ಕೆ ಮೊದಲು ಅವರು ಸುತ್ತು ಕಟ್ಟಿ ನಿಂತು ಹೆಲ್ಮೆಟ್ ಮೇಲೆತ್ತಿ ಏನೋ ಕೂಗುತ್ತಾರೆ. ಇಷ್ಟು ದಿನ ದೂರದಿಂದ ಗದ್ದಲವಷ್ಟೇ ಕೇಳುತ್ತಿತ್ತು. ಇವತ್ತು ಹತ್ತಿರವಿದ್ದೆ. ಕ್ಯಾಪ್ಟನ್ ಕವಿನ್, ಇಲ್ಲಿನ ತಮಿಳರ ಹುಡುಗ, "ಲ್ಯಾಂಟರ್ನ್" ಎಂದು ಕೂಗಿದ. ಉಳಿದವರು "ಸಾಲ್ಟ್." ಮತ್ತೆ ಕವಿನ್ "ಫೆರಿ." ಎಲ್ಲರೂ "ಥ್ರೆಡ್." ಕೊನೆಗೆ ಎಲ್ಲ ಒಟ್ಟಿಗೆ, ಹೊಟ್ಟೆಯೊಳಗಿಂದ, "ಮಂಡೇ."

ನನ್ನ ಐದು ಪದಗಳು. ನಾನು ಓದುವ ಕವಿಗಳಲ್ಲಿ ಯಾರಿಗೂ ಇಂಥ ಓದುಗರು ಸಿಕ್ಕಿರಲಿಕ್ಕಿಲ್ಲ. ಕಣ್ಣು ತುಂಬಿತು, ಬಿಸಿಲು ಎಂದು ಒರೆಸಿಕೊಂಡೆ.

ಮಾಮಕ್ ಅಂಗಡಿಯಲ್ಲಿ ಎಲ್ಲರಿಗೂ ನನ್ನ ಲೆಕ್ಕದಲ್ಲಿ ತೇ ತಾರಿಕ್, ಎತ್ತಿ ಹೊಯ್ದ ನೊರೆ ಚಹಾ. ನೊರೆ ಮೀಸೆ ಮಾಡಿಕೊಂಡ ಮಹಿತ್, "ಡಾಕ್ ಈಸ್ ಒನ್ ಆಫ್ ಅಸ್ ನೌ, ಚಾಪ್ ಕೊಟ್ಟಾಯ್ತು" ಎಂದ. ಚಾಪ್ ಎಂದರೆ ಇಲ್ಲಿನವರ ಬಾಯಲ್ಲಿ ಮೊಹರು, ಕೊನೆಯ ಪದ ಮಾತ್ರ ಕನ್ನಡದಲ್ಲಿ. ಅವನ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ.

ಸೆಪ್ಟೆಂಬರ್ 21, ಶನಿವಾರ

20–17 ಸೋಲು. ಆದರೆ ಎಂಥ ಸೋಲು. ಕೊನೆಯ ನಿಮಿಷದವರೆಗೂ ನಾವೇ ಮುಂದಿದ್ದೆವು. ರೆಫರಿ ಆ ಕೊನೆಯ ಫೌಲಿನ ಬಾವುಟ ಎಸೆಯಬಾರದಿತ್ತು, ಅದು ಯಾವ ಕೋನದಿಂದಲೂ ತಪ್ಪಲ್ಲ. ಮನೆಗೆ ಬಂದು ನಿತ್ಯಾನಂದರಿಗೆ ಉಪ್ಪು, ಮೆಣಸು, ಚಮಚ ಇಟ್ಟು ತೋರಿಸಿದೆ. "ಚಮಚ ಔಟಾ?" ಎಂದರು. ಅವರೊಂದಿಗೆ ಮಾತಾಡಿ ಪ್ರಯೋಜನವಿಲ್ಲ.

ಹದಿನೇಳು ಜನ ಇದ್ದೇವೆ. ಮುಂದಿನ ಮೂರು ಪಂದ್ಯಗಳಲ್ಲಿ ಎರಡು ಗೆದ್ದರೆ ಸೆಮಿಫೈನಲ್. ಎರಡು ವಾರದಿಂದ ಕವಿತೆ ಪುಸ್ತಕ ತೆರೆದಿಲ್ಲ. ಪುರುಸೊತ್ತಿಲ್ಲ.

ಅಕ್ಟೋಬರ್ 5, ಶನಿವಾರ

ಗೆಲುವು, 13–7.

ಮೂರನೆಯ ಭಾಗದಲ್ಲಿ ಮಹಿತ್ ಎದ್ದೇಳಲು ತುಸು ತಡವಾಯಿತು. ಕೋಚ್ ಹೊರಗೆ ಕರೆಸಿದರು. ನಾನು ಕಾರ್ಡ್ ತೆಗೆದೆ. ಪದ ಹೇಳಿದೆ, ಐದು ನಿಮಿಷ ಬಿಟ್ಟು ಕೇಳಿದೆ. ಲ್ಯಾಂಟರ್ನ್, ಸಾಲ್ಟ್, ಫೆರಿ, ಥ್ರೆಡ್, ಮಂಡೇ. ತಡವರಿಸದೆ, ಕಣ್ಣು ಮುಚ್ಚಿಕೊಂಡೇ ಹೇಳಿದ. ಐದಕ್ಕೆ ಐದು. ಜುಲೈಯಲ್ಲಿ ಮೂರೇ ಹೇಳಿದ್ದವನು. ನನಗೆ ಎಷ್ಟು ಖುಷಿಯಾಯಿತೆಂದರೆ ಅವನ ಹೆಲ್ಮೆಟ್ ತಟ್ಟಿದೆ.

ಒಂಟಿ ಕಾಲಲ್ಲಿ ನಿಲ್ಲುವಾಗ ಸ್ವಲ್ಪ ವಾಲಿದ. ಹುಲ್ಲು ಒದ್ದೆ ಇತ್ತು, ಹಾಗೆಂದೇ ಬರೆದೆ. ಮುಂದಿನ ಪಂದ್ಯ ಎಲ್ಲಿ ಎಂದು ಕೇಳಿದ, ಶಾ ಆಲಂ ಎಂದೆ. ವ್ಯಾನ್ ಹತ್ತುವಾಗ ಮತ್ತೆ ಕೇಳಿದ. ಹುಡುಗರು ಯಾರ ಮಾತನ್ನು ಗಮನವಿಟ್ಟು ಕೇಳುತ್ತಾರೆ?

ಲೀಗಿನ ನಿಯಮ: ಪರೀಕ್ಷೆಯಲ್ಲಿ ಪಾಸಾದರೆ ವಾರ ಬಿಟ್ಟು ಆಡಬಹುದು, ಆರೋಗ್ಯಾಧಿಕಾರಿಯ ಸಹಿ ಬೇಕು. ಕವಿನ್ ಐಸ್ ಪೆಟ್ಟಿಗೆ ಹೊತ್ತುಕೊಂಡು ನನ್ನ ಜೊತೆ ನಡೆದುಬಂದ. ಇವತ್ತು ಇನ್ನೊಬ್ಬನ ಮಂಡಿ ಹೋಗಿದೆ.

"ಸಿಕ್ಸ್‌ಟೀನ್ ವಿತ್ ಮಹಿತ್, ಡಾಕ್. ವಿತೌಟ್ ಹಿಮ್, ಫಿನಿಶ್."

"ಅವನು ಪಾಸಾಗಿದ್ದಾನಲ್ಲ" ಎಂದೆ.

ಅಕ್ಟೋಬರ್ 8, ಮಂಗಳವಾರ

ನಿನ್ನೆಯ ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದೆ. ಮಹಿತ್ ಎರಡನೆಯ ಪ್ರಶ್ನೆಗೆ ಎರಡು ಸಲ ಉತ್ತರ ಬರೆದಿದ್ದಾನೆ, ಬೇರೆ ಬೇರೆ ಪುಟದಲ್ಲಿ, ಎರಡೂ ಸರಿ. ಒಂದಕ್ಕೆ ಮಾರ್ಕ್ಸ್ ಕೊಟ್ಟೆ. ಲ್ಯಾಬಿನಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತಿದ್ದ. ನಿದ್ರೆ ಸಾಲದು ಎಂದ. ಈ ವಯಸ್ಸಿನಲ್ಲಿ ಯಾರಿಗೆ ನಿದ್ರೆ ಸಾಕಾಗುತ್ತದೆ.

ಸಂಜೆ ಅವನ ಅಮ್ಮ ವೇದಾ ಫೋನ್ ಮಾಡಿದರು. ಮಾತಾಡಿದ್ದು ಇದೇ ಮೊದಲು. "ತೊಂದ್ರೆ ಕೊಡ್ತಿದೀನಿ ಮೇಡಂ. ಇವನು ಫೋನಲ್ಲಿ ಯಾಕೋ ಡಲ್ಲಾಗಿ ಮಾತಾಡ್ತಾನೆ. ತಲೆನೋವು ಅಂತಾನೆ. ಶನಿವಾರ ಏಟು ಬಿತ್ತಂತೆ, ನೀವು ಚೆಕ್ ಮಾಡಿದ್ರಂತೆ. ಎಲ್ಲ ಸರಿಯಾಗೇ ಇದೆಯಾ?"

"ಐದಕ್ಕೆ ಐದು ಬಂದಿದೆ. ಮೊದಲಿಗಿಂತ ಚೆನ್ನಾಗಿದೆ" ಎಂದೆ.

"ಅಯ್ಯೋ ಹಾಗಾದ್ರೆ ಬಿಡಿ. ನೀವಿದೀರಲ್ಲ ಅಲ್ಲಿ, ಅದೇ ಧೈರ್ಯ."

ನಿತ್ಯಾನಂದರನ್ನು ಒಂದು ಮಾತು ಕೇಳೋಣ ಎನಿಸಿತು. ಆದರೆ ಅವರು ಎಲ್ಲದಕ್ಕೂ ಸ್ಕ್ಯಾನ್ ಮಾಡಿಸು ಎನ್ನುವ ಜಾತಿ. ಸ್ಕ್ಯಾನಿಗೆ ದಿನ ಸಿಗುವುದೇ ಹತ್ತು ದಿನಕ್ಕೆ. ಊಟ ಬಡಿಸಿದೆ, ಮಾತು ಬೇರೆ ಕಡೆಗೆ ಹೋಯಿತು.

ಫಾರಂಗೆ ಸಹಿ ಹಾಕಿದೆ.

ಅಕ್ಟೋಬರ್ 12, ಶನಿವಾರ

ಬೆಳಿಗ್ಗೆ ಆರು. ಶಾ ಆಲಂಗೆ ಹೊರಡಬೇಕು. ಐಸ್, ಬ್ಯಾಂಡೇಜು, ಗ್ಲೂಕೋಸು. ಹದಿನಾರು ಜನ. ಗೆದ್ದೇ ಗೆಲ್ಲುತ್ತೇವೆ ಎಂದು ಯಾಕೋ ಅನಿಸುತ್ತಿದೆ.

ಅಕ್ಟೋಬರ್ 13, ಭಾನುವಾರ

ಆಸ್ಪತ್ರೆಯಲ್ಲಿದ್ದೇನೆ. ಐಸಿಯು ಹೊರಗಿನ ಬೆಂಚು.

ದೊಡ್ಡ ಹೊಡೆತವೇನಲ್ಲ ಅದು. ಪ್ರತಿ ಸಲ ಬೀಳುವಂಥದೇ. ಮಹಿತ್ ಎದ್ದ, ನಡೆದ, ಎದುರಾಳಿಗಳ ಬೆಂಚಿಗೆ ಹೋಗಿ ಕೂತ. ಅವರು ನಕ್ಕರು. ಅವನೂ ನಕ್ಕ ಹಾಗಿತ್ತು. ಆಮೇಲೆ ಪಕ್ಕಕ್ಕೆ ಒರಗಿದ. ಒಂದು ಕಣ್ಣಿನ ಪಾಪೆ ಹಿಗ್ಗಿತ್ತು. ಅದರ ಅರ್ಥ ನನಗೆ ಗೊತ್ತು, ಪ್ರತಿ ವರ್ಷ ಪಾಠ ಮಾಡುತ್ತೇನೆ.

ಮೆದುಳಿನ ಮೇಲೆ ರಕ್ತ ಕಟ್ಟಿತ್ತು. ತಲೆಬುರುಡೆ ತೆರೆದು ತೆಗೆದಿದ್ದಾರೆ. ಹೋದ ವಾರದ ಪೆಟ್ಟು ಆರಿರಲಿಲ್ಲ, ಅದರ ಮೇಲೆ ಇದು ಬಿತ್ತು ಎಂದರು ಸರ್ಜನ್. ಬದುಕುತ್ತಾನೆ ಎಂದಿದ್ದಾರೆ. ಅದಕ್ಕಿಂತ ಹೆಚ್ಚು ಏನೂ ಹೇಳಿಲ್ಲ.

ವೇದಾ ಬಂದವರು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಗಂಡ ಸೂರ್ಯನಾರಾಯಣ ಕಾಗದಗಳಿಗೆ ಸಹಿ ಹಾಕುತ್ತಿದ್ದರು.

ಕವಿನ್ ಪಕ್ಕದಲ್ಲಿ ಕೂತಿದ್ದ, ಇನ್ನೂ ಜೆರ್ಸಿಯಲ್ಲೇ. ನಾನು ಅವನಿಗೆ ಹೇಳುತ್ತಿದ್ದೆ, ಐದಕ್ಕೆ ಐದು ಹೇಳಿದ್ದನಲ್ಲ, ಐದಕ್ಕೆ ಐದು ಹೇಗೆ ಸಾಧ್ಯ ಎಂದು. ಅವನು ನೆಲ ನೋಡುತ್ತ ಹೇಳಿದ.

"ಡಾಕ್, ಎವ್ರಿಬಡಿ ನೋಸ್ ದ ವರ್ಡ್ಸ್. ವಿ ಶೌಟ್ ದೆಮ್ ಎವ್ರಿ ಗೇಮ್. ವ್ಯಾನ್ ಡ್ರೈವರ್ ಪನ್ ತಾಹು." ವ್ಯಾನ್ ಡ್ರೈವರಿಗೂ ಗೊತ್ತು ಎಂದ. ಮತ್ತೆ, "ವಿ ಥಾಟ್ ಯೂ ನ್ಯೂ. ವಿ ಥಾಟ್ ದಟ್ಸ್ ವೈ ಯೂ ನೆವರ್ ಚೇಂಜ್."

ನಾನು ಬೇಕೆಂದೇ ಬದಲಿಸುತ್ತಿಲ್ಲ, ಅವರ ಪರವಾಗಿದ್ದೇನೆ ಎಂದುಕೊಂಡಿದ್ದರು.

ಅಕ್ಟೋಬರ್ 24, ಗುರುವಾರ

ತಂಡ ಮುಚ್ಚಿದೆ. ಹೆಲ್ಮೆಟ್‌ಗಳನ್ನು ಸ್ಟೋರಿನಲ್ಲಿ ಬೀಗ ಹಾಕಿಟ್ಟಿದ್ದಾರೆ.

ಪ್ರಿನ್ಸಿಪಾಲರು ವರದಿಯ ಕರಡು ಕೊಟ್ಟರು. "ನಿಗದಿತ ಪರೀಕ್ಷೆ ನಡೆಸಲಾಯಿತು. ಆಟಗಾರ ಪೂರ್ಣ ಅಂಕ ಪಡೆದ. ಏಳು ದಿನಗಳ ವಿಶ್ರಾಂತಿ ನೀಡಲಾಯಿತು." ಪಟ್ಟಿ ಬದಲಿಸಬೇಕಿತ್ತು, ಬದಲಿಸಲಿಲ್ಲ ಎಂದೆ. ಅವರು ಕನ್ನಡಕ ತೆಗೆದರು. "ಇದರಲ್ಲಿ ಒಂದಾದರೂ ಸುಳ್ಳಿದೆಯಾ, ತೋರಿಸಿ" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇಲ್ಲ. ಒಂದೂ ಇಲ್ಲ. ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದೆ.

ನಿತ್ಯಾನಂದ ಓದಿದರು. ತಮಾಷೆ ಮಾಡಲಿಲ್ಲ. "ಅವತ್ತು ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತಲ್ಲ" ಎಂದರು. ಬಯ್ದಿದ್ದರೆ ಚೆನ್ನಾಗಿತ್ತು.

ನವೆಂಬರ್ 6, ಬುಧವಾರ

ದೀಪಾವಳಿ ಕಳೆದು ವಾರ ಆಗಿದೆ. ದೀಪ ಹಚ್ಚಲಿಲ್ಲ.

ಲೀಗಿಗೆ ನಾನೇ ಪತ್ರ ಬರೆದು ಕಳಿಸಿದೆ. ಪಟ್ಟಿಯ ವಿಷಯ, ಅವನು ವಾಲಿದ್ದು, ಎರಡು ಸಲ ಕೇಳಿದ್ದು, ಎರಡು ಸಲ ಬರೆದದ್ದು, ಅವನ ತಾಯಿಯ ಫೋನು. ಒಂದು ಪುಟ ಆಯಿತು. ಪ್ರತಿಯನ್ನು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟೆ. ಡಿಸೆಂಬರ್ ಕೊನೆಗೆ ಒಪ್ಪಂದ ಮುಗಿಯುತ್ತದೆ ಎಂದು ನೆನಪಿಸಿದರು.

ವೇದಾರಿಗೆ ಬರೆದಿಲ್ಲ.

ನವೆಂಬರ್ 17, ಭಾನುವಾರ

ಮಹಿತನನ್ನು ಮನೆಗೆ ಕರೆದುಕೊಂಡು ಹೋಗಿದ್ದಾರೆ. ಬಸ್ಸಿನಲ್ಲಿ ಕ್ವಾಲಾಲಂಪುರಕ್ಕೆ ಹೋಗಿ, ಎಲ್‌ಆರ್‌ಟಿ ರೈಲು ಹಿಡಿದು ಬಾಂಗ್ಸಾರಿನಲ್ಲಿ ಇಳಿದೆ.

"ಬಸ್ಸಲ್ಲಿ ಬಂದ್ರಾ ಮೇಡಂ? ಹೇಳಿದ್ರೆ ಇವರು ಕಾರ್ ತರ್ತಿದ್ರು" ಎಂದರು ವೇದಾ. ಮಹಿತ್ ಒಳಗೆ ಮಲಗಿದ್ದ. ಅವರು ಹೀರೆಕಾಯಿ ಹೆರೆಯುತ್ತ ಕೂತರು. "ಹಳೇದೆಲ್ಲ ನೆನಪಿದೆ ಅವನಿಗೆ, ಸೆಪ್ಟೆಂಬರ್‌ವರೆಗೂ. ಹೊಸದು ನಿಲ್ಲಲ್ಲ. ಬೆಳಿಗ್ಗೆ ತಿಂದಿದ್ದು ಮಧ್ಯಾಹ್ನಕ್ಕೆ ಗೊತ್ತಿರಲ್ಲ. ಸರಿಹೋಗಬಹುದು ಅಂತಾರೆ, ಎಷ್ಟು ಅಂತ ಹೇಳಲ್ಲ. ಆದ್ರೂ ಅವತ್ತು ನೀವಿದ್ದಿದ್ದಕ್ಕೇ ಅವನು ಉಳಿದಿದ್ದು ಅಂತ ಇವರ ಹತ್ರ ಹೇಳ್ತಾನೇ ಇರ್ತೀನಿ."

ಆಗ ಹೇಳಿದೆ. ಪತ್ರದಲ್ಲಿ ಬರೆದದ್ದನ್ನೆಲ್ಲ, ಅದೇ ಕ್ರಮದಲ್ಲಿ. ಸೂರ್ಯನಾರಾಯಣ ಎದ್ದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ವೇದಾ ಕೈಯಲ್ಲಿದ್ದ ಹೀರೆಕಾಯಿಯನ್ನು ಪೂರ್ತಿ ಹೆರೆದು ಮುಗಿಸಿದರು.

"ನಾನು ಫೋನ್ ಮಾಡಿದ್ನಲ್ಲ, ಮಂಗಳವಾರ. ಆಗ ನಿಮಗೆ ಗೊತ್ತಿತ್ತಾ?"

"ಗೊತ್ತಿರಲಿಲ್ಲ" ಎಂದೆ. ಆ ಉತ್ತರ ನಿಲ್ಲಲಿಲ್ಲ. "ಗೊತ್ತಾಗುವುದು ಬೇಡವಾಗಿತ್ತು" ಎಂದೆ.

ವೇದಾ ಸಿಪ್ಪೆಯನ್ನೆಲ್ಲ ಒಟ್ಟು ಮಾಡಿದರು. ಆಮೇಲೆ ಧ್ವನಿ ಏರಿಸದೆ ಹೇಳಿದರು. "ನನಗೆ ಹೇಳಿ ಹಗುರ ಮಾಡ್ಕೊಂಡು ಹೋಗ್ಬೇಡಿ ಮೇಡಂ. ಅವನಿಗೆ ಹೇಳಿ. ಇವತ್ತು ಹೇಳಿದ್ದು ನಾಳೆ ಅವನಿಗೆ ಇರಲ್ಲ. ಮತ್ತೆ ಬಂದು ಹೇಳಿ."

ಅವನು ಎದ್ದ ಮೇಲೆ ಹೇಳಿದೆ. ತಲೆಯ ಒಂದು ಬದಿ ಬೋಳಾಗಿದೆ. ಗಮನವಿಟ್ಟು ಕೇಳಿದ. "ಇಟ್ಸ್ ಓಕೇ ಲಾ, ಡಾಕ್. ಐ ವಾಂಟೆಡ್ ಟು ಪ್ಲೇ, ವಾಟ್."

ವಾಪಸು ಬರುವ ಬಸ್ಸಿನಲ್ಲಿ ಅತ್ತೆ.

ಡಿಸೆಂಬರ್ 1, ಭಾನುವಾರ

ಎರಡನೆಯ ಸಲ ಹೇಳಿದೆ. ಸೀಸನ್ ಹೇಗಾಯಿತು, ಸೆಮಿಫೈನಲ್‌ಗೆ ಹೋದೆವಾ ಎಂದು ಅವನೇ ಕೇಳಿದ್ದರಿಂದ ಶುರು ಮಾಡುವುದು ಸುಲಭವಾಯಿತು. ಈ ಸಲ ಅವನು ಮುಖ ಗೋಡೆಗೆ ತಿರುಗಿಸಿದ.

"ಯೂ ವರ್ ಸಪೋಸ್ಡ್ ಟು ಸ್ಟಾಪ್ ಮಿ" ಎಂದ. "ಗೋ ಹೋಮ್, ಡಾಕ್."

ಹದಿನೈದು ದಿನದಿಂದ ಅವನ ಆ ಮೊದಲ ಮಾತನ್ನು ಹಿಡಿದುಕೊಂಡು ನಿದ್ರೆ ಮಾಡಿದ್ದೆ. ಅದು ಅವನಲ್ಲಿಲ್ಲ. ಅವನಲ್ಲಿ ಇಲ್ಲದ್ದನ್ನು ನಾನು ಇಟ್ಟುಕೊಳ್ಳುವಂತಿಲ್ಲ.

ವೇದಾ ಲಿಫ್ಟ್ ತನಕ ಬಂದರು. ಚಪಾತಿ ಪಲ್ಯದ ಪೊಟ್ಟಣ ಕೈಗಿಟ್ಟರು. "ಬಸ್ಸಲ್ಲಿ ತಿನ್ನಿ. ಮುಂದಿನ ವಾರ ಡಾಕ್ಟರ್ ಹತ್ರ ಹೋಗ್ತೀವಿ, ಅದರ ಮುಂದಿನ ವಾರ ಬನ್ನಿ." ಮುಖ ನೋಡಲಿಲ್ಲ.

ಡಿಸೆಂಬರ್ 15, ಭಾನುವಾರ

ಮೂರನೆಯ ಸಲ.

ಥೆರಪಿಯವರು ಅವನಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದಾರೆ. ಆಗಿದ್ದನ್ನೆಲ್ಲ ಅದರಲ್ಲಿ ಬರೆದು, ದಿನಾ ಬೆಳಿಗ್ಗೆ ಎದ್ದ ಕೂಡಲೆ ಓದಬೇಕು. ಮೊದಲ ಪುಟದಲ್ಲಿ ವೇದಾರ ಅಕ್ಷರ: ನಿನಗೆ ಅಪಘಾತವಾಗಿದೆ, ನೀನು ಮನೆಯಲ್ಲಿದ್ದೀಯ, ಬಾತ್‌ರೂಮ್ ಎಡಕ್ಕೆ.

ನಾನು ಹೇಳಿ ಮುಗಿಸಿದೆ. ಅವನು ಕೋಪ ಮಾಡಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. "ಹ್ಯಾವ್ ಐ ಹರ್ಡ್ ದಿಸ್ ಬಿಫೋರ್?" ಎಂದು ಕೇಳಿದ. ಎರಡು ಸಲ, ಎರಡೂ ಭಾನುವಾರ ಎಂದೆ. "ವಾಟ್ ಡಿಡ್ ಐ ಸೇ?" ಎರಡನ್ನೂ ಹೇಳಿದೆ. ಯೋಚಿಸಿದ. ನೋಟ್‌ಬುಕ್ ನನ್ನ ಕಡೆ ತಳ್ಳಿದ. "ಯೂ ರೈಟ್. ವಿತ್ ಡೇಟ್. ದೆನ್ ಐ ಡಿಸೈಡ್ ಪ್ರಾಪರ್ಲಿ."

ಅವನಿಗೆ ತಿಳಿಯುವ ಹಾಗೆ ಇಂಗ್ಲಿಷಿನಲ್ಲಿ ಬರೆದೆ. ಅಕ್ಟೋಬರ್ ಐದರಂದು ನಿನ್ನ ತಲೆಗೆ ಪೆಟ್ಟಾಯಿತು. ಪರೀಕ್ಷೆ ಸರಿಯಾಗಿರಲಿಲ್ಲ. ನೀನು ಆಡಬಾರದಿತ್ತು. ವೇದಾ ಬೆನ್ನ ಹಿಂದೆ ನಿಂತು ಓದುತ್ತಿದ್ದರು.

"ಯಾರು ಅಂತ ಇಲ್ಲವಲ್ಲ ಇದರಲ್ಲಿ" ಎಂದರು.

ಪುಟ ಹರಿದು ಮತ್ತೆ ಬರೆದೆ. ಯಾರು ಪರೀಕ್ಷೆ ಮಾಡಿದ್ದು, ಯಾವುದನ್ನು ಕಂಡೂ ಬಿಟ್ಟಿದ್ದು, ಸಹಿ ಹಾಕಿದ್ದು ಯಾರು, ಯಾಕೆ. ಅರ್ಧ ಪುಟ ಆಯಿತು. ಕೊನೆಗೆ ನನ್ನ ಹೆಸರು.

ಅವನು ಬೆರಳಿಟ್ಟು ಸಾಲು ಸಾಲಾಗಿ ಓದಿದ. ಹೆಸರಿನ ಹತ್ತಿರ ಬೆರಳು ನಿಂತಿತು.

"ಹೂ ಈಸ್ ಮೋಹಿನಿ?"

"ನಾನು" ಎಂದೆ. ಅವನಿಗೆ ನಾನು ಇಷ್ಟು ದಿನವೂ ಬರೀ ಡಾಕ್.

ನನ್ನ ಮುಖ ನೋಡಿದ, ಪುಟ ನೋಡಿದ. ಪೆನ್ನು ತೆಗೆದುಕೊಂಡು ಆ ಹೆಸರಿನ ಪಕ್ಕದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, ನಿಧಾನವಾಗಿ ಬರೆದ: ಭಾನುವಾರ ಬರುತ್ತಾರೆ.